‘ನಂಗೆ ಬೇಡಪ್ಪ’ ಅನ್ನಬೇಡಿ



ಶಾಲೆ ಶುರುವಾದ ಮೇಲೆ ವಿಜ್ಞಾನ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ದಿನ ಬರುತ್ತದೆ. ಆ ದಿನ ಏನಾಗುತ್ತದೆ ಅಂತ ನಿಮಗೇ ಗೊತ್ತು. ಗಟ್ಟಿ ಗಂಟಲಿನವರ ಹೆಸರು ಮೊದಲು ಬರುತ್ತದೆ. ಒಳ್ಳೊಳ್ಳೆ ಪ್ರಶ್ನೆ ಕೇಳುವ ಹುಡುಗಿ ‘ನಂಗೆ ಬೇಡಪ್ಪ’ ಅಂತ ತಲೆ ತಗ್ಗಿಸುತ್ತಾಳೆ. ಅದನ್ನು ವಿನಯ ಎಂದು ನಾವು ಹೊಗಳುತ್ತೇವೆ. ಹಾಗೆ ಹೊಗಳುವುದು ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಲು ಒಬ್ಬರ ಕಥೆ ಬೇಕು.

ಜಾನ್ ಸ್ನೋ ಹುಟ್ಟಿದ್ದು 1813ರಲ್ಲಿ, ಇಂಗ್ಲೆಂಡಿನ ಯಾರ್ಕ್‌ನಲ್ಲಿ. ತಂದೆ ಕೂಲಿಕಾರ. ಸ್ನೋ 14ನೇ ವಯಸ್ಸಿಗೇ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1836ರಲ್ಲಿ ಲಂಡನ್ನಿಗೆ ಬಂದು, ವೆಸ್ಟ್‌ಮಿನ್‌ಸ್ಟರ್ ಮೆಡಿಕಲ್ ಸೊಸೈಟಿ ಎಂಬ ವೈದ್ಯರ ಸಂಘದ ಸಭೆಗಳಿಗೆ ಹೋಗತೊಡಗಿದರು. ನಾಚಿಕೆ ಸ್ವಭಾವ, ಒಡಕು ದನಿ. ಮೊದಮೊದಲು ಅವರು ಎದ್ದು ಮಾತಾಡಿದರೆ ಯಾರೂ ಉತ್ತರವನ್ನೇ ಕೊಡುತ್ತಿರಲಿಲ್ಲವಂತೆ. ಆಮೇಲೆ ‘ಈಗ ಮಾತಾಡಿದವರು’ ಎಂದಾದರು. ಎಷ್ಟೋ ಕಾಲದ ನಂತರ ಸಭೆಯಲ್ಲಿ ಅವರ ಹೆಸರು ಕೇಳಿಬಂತು. ಇದನ್ನು ಬರೆದಿಟ್ಟವರು ಅವರ ಗೆಳೆಯ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್. ಸ್ನೋ ಮಾತ್ರ ಸಭೆಗೆ ಹೋಗುವುದನ್ನು ಬಿಡಲಿಲ್ಲ.

ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಆಗ ಹೆಚ್ಚಿನವರು ನಂಬಿದ್ದರು. ಅದು ಕುಡಿಯುವ ನೀರಿನಿಂದ ಹರಡುತ್ತದೆ ಎಂದು ಸ್ನೋ 1849ರಲ್ಲಿ ಬರೆದರು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ 600ಕ್ಕೂ ಹೆಚ್ಚು ಜನ ಕಾಲರಾದಿಂದ ಸತ್ತರು. ಸ್ನೋ ಮನೆಮನೆಗೆ ಹೋಗಿ ‘ಎಲ್ಲಿಯ ನೀರು ಕುಡಿದಿರಿ?’ ಎಂದು ವಿಚಾರಿಸಿದರು. ಸತ್ತವರಲ್ಲಿ ಹೆಚ್ಚಿನವರು ಒಂದೇ ಕೈಪಂಪಿನ ನೀರು ಕುಡಿದಿದ್ದರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ಬಿಚ್ಚಿಸಲಾಯಿತು. ಆ ಹೊತ್ತಿಗಾಗಲೇ ರೋಗ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಮುಚ್ಚಿಡಲಿಲ್ಲ.

ವೆಸ್ಟ್‌ಮಿನ್‌ಸ್ಟರ್ ಸಂಘ ಅಷ್ಟರಲ್ಲಿ ಮೆಡಿಕಲ್ ಸೊಸೈಟಿ ಆಫ್ ಲಂಡನ್ ಜೊತೆ ಸೇರಿಹೋಗಿತ್ತು. 1855ರಲ್ಲಿ ಸ್ನೋ ಅದರ ಅಧ್ಯಕ್ಷರಾದರು. ಒಂದು ಕಾಲಕ್ಕೆ ಯಾರೂ ಉತ್ತರ ಕೊಡದಿದ್ದ ಮನುಷ್ಯ!

ಆದರೆ ಗಮನಿಸಿ. ಅಧ್ಯಕ್ಷರಾದ ಮಾತ್ರಕ್ಕೆ ಅವರ ಮಾತು ನಿಜ ಎಂದು ಯಾರೂ ಒಪ್ಪಲಿಲ್ಲ. ಅದೇ ವರ್ಷ ಸರಕಾರದ ಆರೋಗ್ಯ ಮಂಡಳಿಯ ವಿಜ್ಞಾನ ಸಮಿತಿ ಅವರ ವಾದವನ್ನು ತಳ್ಳಿಹಾಕಿತು. 1858ರಲ್ಲಿ, 45ನೇ ವಯಸ್ಸಿನಲ್ಲಿ ಸ್ನೋ ತೀರಿಕೊಂಡರು. ನೀರಿನ ವಾದ ಗೆದ್ದದ್ದು ಆಮೇಲೆ, ಪುರಾವೆಗಳ ಬಲದಿಂದ. ವಿಜ್ಞಾನದಲ್ಲಿ ಹಾಗೇ ಆಗಬೇಕು. ಅಧ್ಯಕ್ಷರು ಹೇಳಿದರು ಅಂತ ಯಾವುದೂ ನಿಜವಾಗಬಾರದು.

ಹಾಗಾದರೆ ಹುದ್ದೆ ಯಾಕೆ ಬೇಕು ಅಂತೀರಾ? ಯಾರಿಗೆ ಮಾತಾಡಲು ಅವಕಾಶ, ಯಾವ ಪ್ರಶ್ನೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುವುದು ಅಧ್ಯಕ್ಷರ ಕುರ್ಚಿ. ಉತ್ತರ ಸಿಗದೆ ಕೂತು ಗೊತ್ತಿರುವವರು ಅಲ್ಲಿದ್ದರೆ, ಹಿಂದಿನ ಬೆಂಚಿನ ದನಿಯೂ ಕೇಳೀತು. ಆ ನೋವು ನಮಗೆ ಹೊಸದಲ್ಲ. ವಿಜ್ಞಾನ ಮೇಳದಲ್ಲಿ ತೀರ್ಪುಗಾರರು ಬೇರೆ ಭಾಷೆಯಲ್ಲಿ ಪ್ರಶ್ನೆ ಕೇಳಿದಾಗ, ಉತ್ತರ ಗೊತ್ತಿದ್ದೂ ನಮ್ಮ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. ಮೊದಲು ನಮ್ಮದೇ ಸಂಘದಲ್ಲಿ, ನಮ್ಮದೇ ಕನ್ನಡದಲ್ಲಿ ಎದ್ದು ನಿಂತು ಮಾತಾಡಿ ರೂಢಿಯಾದರೆ, ನಾಳೆ ಅಲ್ಲಿಯೂ ನಿಲ್ಲಬಹುದು.

ಆದ್ದರಿಂದ ಈ ಸಲ ಓಟು ಹಾಕುವ ಮೊದಲು ಪ್ರತಿ ಅಭ್ಯರ್ಥಿಗೂ ಒಂದು ಪ್ರಶ್ನೆ ಕೇಳಿ: ‘ನಿನ್ನ ಅಭಿಪ್ರಾಯ ತಪ್ಪು ಅಂತ ಯಾರಾದರೂ ತೋರಿಸಿದರೆ ಏನು ಮಾಡ್ತೀಯ?’ ಉತ್ತರ ಕೇಳಿ ತೀರ್ಮಾನಿಸಿ. ಇನ್ನು, ಮೆಲ್ಲನೆ ಮಾತಾಡುವ ನೀನು, ನಿನ್ನ ಹೆಸರನ್ನೂ ಕೊಡು. ಸೋತರೂ ಮುಂದಿನ ಸಭೆಗೆ ಬಾ, ಪ್ರಶ್ನೆ ಕೇಳು.