ಹಳೆಯ ನಿಯಮವೋ, ಹೊಸ ನಿಯಮವೋ?

ಶಹಾಪುರದ ಪಕ್ಕದ ಭೀಮರಾಯನಗುಡಿಗೆ ಹೆಸರು ಬಂದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. ಕಾಲುವೆ ಕೆಲಸದ ನೌಕರರಿಗಾಗಿ ಕಟ್ಟಿದ ಕ್ವಾರ್ಟರ್ಸುಗಳ ಊರು ಇದು. ಕೃಷಿ ಕಾಲೇಜೂ ಇಲ್ಲಿದೆ. ಕ್ವಾರ್ಟರ್ಸಿನಲ್ಲಿ ಬಾಳುವವರಿಗೆ ಒಂದು ಚಿಂತೆ ತಪ್ಪದು. ನಿವೃತ್ತಿಯಾದರೆ ಮನೆ ಬಿಡಬೇಕು. ಆದ್ದರಿಂದಲೇ ಭವಿಷ್ಯನಿಧಿಯ ಹಣಕ್ಕೆ ಬ್ಯಾಂಕ್ ಸಾಲ ಸೇರಿಸಿ, ಆಸುಪಾಸಿನಲ್ಲಿ ಮೂವತ್ತು–ನಲವತ್ತರ ನಿವೇಶನವೊಂದನ್ನು ಹಿಡಿಯುವ ಆಸೆ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ನಕ್ಷೆ ಸಲ್ಲಿಸಿದ್ದಾರೆ, ಮಂಜೂರಾತಿ ಬಂದಿಲ್ಲ. ಅಷ್ಟರಲ್ಲಿ, ಮನೆಯ ಸುತ್ತ ಬಿಡಬೇಕಾದ ಜಾಗ ಹೆಚ್ಚಾಗಿದೆ ಎಂಬ ಸುದ್ದಿ ಬರುತ್ತದೆ. ಪಿಯುಸಿ ಓದುವ ಮಗಳು ಕೇಳುತ್ತಾಳೆ: ‘ಅಪ್ಪಾ, ಸಿಲಬಸ್ ಬದಲಾದ್ರೂ ಫೇಲಾದೋರಿಗೆ ಹಳೇ ಸಿಲಬಸ್‌ನಾಗ ಪರೀಕ್ಷಾ ಬರೀಲಿಕ್ಕೆ ಬಿಡ್ತಾರಲ್ಲ. ಮನಿಗೂ ಹಂಗ ಇಲ್ಲೇನು?’

ಪ್ರಶ್ನೆ ಸರಿಯಾದದ್ದೇ. ಹಳೆಯ ಪಠ್ಯಕ್ರಮದವರಿಗೆ ಕೊಡುವ ಈ ಅವಕಾಶಕ್ಕೆ ಕಾನೂನಿನಲ್ಲಿಯೂ ಸಾಟಿಯಿದೆ. ಹೊಸ ಕಾಯ್ದೆ ಬಂದಾಗ ಅರ್ಧದಾರಿಯಲ್ಲಿರುವವರ ಗತಿ ಏನೆಂದು ಹೇಳುವ ಕಲಮುಗಳಿಗೆ ಸಂಕ್ರಮಣ ಕಾಲದ ನಿಯಮಗಳು ಎನ್ನಬಹುದು. ಆದರೆ ಪರೀಕ್ಷೆಗೂ ಮನೆಗೂ ಒಂದು ವ್ಯತ್ಯಾಸವಿದೆ. ಅಂಥ ಕಲಮು ಇದ್ದರಷ್ಟೇ ಅರ್ಜಿದಾರನಿಗೆ ಹಳೆಯ ನಿಯಮದ ಆಸರೆ. ಇಲ್ಲವಾದರೆ ಏನು?

ಇದಕ್ಕೆ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. 1992ರ ಉಸ್ಮಾನ್ ಗನಿ ಖತ್ರಿ ಪ್ರಕರಣದಲ್ಲಿಯೂ, 2003ರ ಕೊನೆಯಲ್ಲಿ ತೀರ್ಮಾನವಾದ ಹೌರಾ ನಗರಪಾಲಿಕೆ ಮತ್ತು ಗ್ಯಾಂಜಸ್ ರೋಪ್ ಕಂಪನಿ ನಡುವಿನ ಪ್ರಕರಣದಲ್ಲಿಯೂ ಅದು ಹೇಳಿದ್ದರ ಸಾರ ಒಂದೇ. ಅರ್ಜಿ ಕೊಟ್ಟ ಮಾತ್ರಕ್ಕೆ ಹಳೆಯ ನಿಯಮದ ಮೇಲೆ ಹಕ್ಕು ಹುಟ್ಟುವುದಿಲ್ಲ; ನಕ್ಷೆ ಮಂಜೂರಾಗುವ ದಿನ ಯಾವ ನಿಯಮ ಜಾರಿಯಲ್ಲಿದೆಯೋ ಅದೇ ಅನ್ವಯಿಸುತ್ತದೆ. ಅಂದರೆ ಆ ತಂದೆಯ ನಕ್ಷೆ, ವಿಶೇಷ ಕಲಮು ಇಲ್ಲದಿದ್ದರೆ, ಹೊಸ ಅಳತೆಗೆ ಒಗ್ಗಬೇಕು.

ಮಂಜೂರಾತಿ ಮೊದಲೇ ಸಿಕ್ಕಿದ್ದರೆ ಮಾತು ಬೇರೆ. ಹಳೆಯ ಕಾಯ್ದೆ ರದ್ದಾದರೂ ಅದರಡಿ ಕ್ರಮಬದ್ಧವಾಗಿ ನಡೆದ ಕೆಲಸ, ಬಂದ ಹಕ್ಕು ಸಾಮಾನ್ಯವಾಗಿ ಉಳಿಯುತ್ತವೆ. ಸಾಮಾನ್ಯ ಖಂಡಗಳ ಕಾಯ್ದೆಯ 6ನೇ ಕಲಮಿನ ತತ್ವ ಇದು. ಹೊಸ ಕಾಯ್ದೆ ಬೇರೆ ಉದ್ದೇಶ ತೋರಿಸಿದ್ದರೆ ಮಾತ್ರ ಇದು ನಡೆಯದು.

ಗೆರೆ ಎಳೆಯುವ ರೀತಿ ಒಂದೊಂದು ಕಾಯ್ದೆಯಲ್ಲಿ ಒಂದೊಂದು ಬಗೆ. ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಹೊಸದಾಗಿ ಕಟ್ಟುವವರಿಗೆ 1,200 ಚದರ ಅಡಿ ನಿವೇಶನದಿಂದಲೇ ನಿಯಮ. ಆಗಲೇ ಕಟ್ಟಿದ್ದವರಿಗೆ 2,400 ಚದರ ಅಡಿಯಿಂದ. ಹಳೆಯ ಮನೆಯನ್ನು ಬಿಡಲಿಲ್ಲ, ಆದರೆ ಹೊರೆ ಹಗುರಾಯಿತು.

2016ರ ರಿಯಲ್ ಎಸ್ಟೇಟ್ ಕಾಯ್ದೆ ಇನ್ನೊಂದು ದಾರಿ ಹಿಡಿಯಿತು. ಅದರ 3ನೇ ಕಲಮು 2017ರ ಮೇ 1ರಂದು ಜಾರಿಯಾದಾಗ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಸಿಗದ ಯೋಜನೆಗಳೂ ಮೂರು ತಿಂಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕಾಯಿತು. ಇದು ಮಾರಾಟಕ್ಕೆ ಕಟ್ಟುವ ಬಿಲ್ಡರುಗಳಿಗೆ. ಸ್ವಂತ ವಾಸಕ್ಕೆ ಕಟ್ಟುವವರಿಗಲ್ಲ.

ರಾಜ್ಯದ ಪಟ್ಟಣಗಳಲ್ಲಿ ಅನಧಿಕೃತ ಬಡಾವಣೆಯ ಸ್ವತ್ತುಗಳಿಗೆ ಬಿ–ಖಾತೆ ಕೊಡಲು 2024ರ ಸೆಪ್ಟೆಂಬರ್ 10 ಗಡಿಯಾಯಿತು. ಬಿ–ಖಾತೆಯೆಂದರೆ ತೆರಿಗೆಯ ಲೆಕ್ಕಕ್ಕೆ ಸೇರುವುದು. ಅಕ್ರಮ ಅದರಿಂದ ಸಕ್ರಮವಾಗದು.

ಈ ಭೇದ ಮರೆತವರು ಹಿಂದೆ ಪಾಠ ಕಲಿತಿದ್ದಾರೆ. ‘ಅಕ್ರಮ–ಸಕ್ರಮ’ಕ್ಕಾಗಿ 2007ರಲ್ಲಿ ಕಾಯ್ದೆ ತಿದ್ದಲಾಯಿತು, 2014ರಲ್ಲಿ ನಿಯಮ ಬಂತು. ವಾಸದ ಕಟ್ಟಡದಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿದರೆ ಸಾಕು ಎಂಬ ಭರವಸೆ ಹುಟ್ಟಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ‘ಮುಂದೆ ಸಕ್ರಮ ಆಗ್ತದ’ ಎಂದು ಹೆಚ್ಚುವರಿ ಗೋಡೆ ಎಬ್ಬಿಸಿದವರಿಗೆ ಗೋಡೆ ಉಳಿಯಿತು, ನೆಮ್ಮದಿ ಉಳಿಯಲಿಲ್ಲ.

ನ್ಯಾಯಾಲಯದ ಒಂದು ತೀರ್ಪೂ ಅರ್ಧದಾರಿಯಲ್ಲಿ ನಿಯಮ ಬದಲಿಸಬಲ್ಲದು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ವಾಸಯೋಗ್ಯ ಪ್ರಮಾಣಪತ್ರ ಇಲ್ಲದೆ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ನಿರ್ದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ಮನೆ ಮುಗಿದರೂ ಮೀಟರ್ ಸಿಗದೆ ಕುಳಿತವರು ಬಹಳ. ಬೆಂಗಳೂರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಆ ಪ್ರಮಾಣಪತ್ರದಿಂದ ವಿನಾಯಿತಿ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ನಡುವಿನ ತಿಂಗಳುಗಳಲ್ಲಿ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಹೊತ್ತವನಿಗೆ ಗೊತ್ತು, ಒಂದು ದಿನಾಂಕದ ಬೆಲೆ ಎಷ್ಟೆಂದು.

ಹಾಗಾದರೆ ಮನೆ ಕಟ್ಟುವವರು ಮಾಡಬೇಕಾದದ್ದೇನು?

ಮೊದಲು, ನಿವೇಶನ ಗ್ರಾಮ ಪಂಚಾಯಿತಿಗೆ ಸೇರಿದೆಯೋ ನಗರಸಭೆಗೋ ಎಂದು ತಿಳಿಯಬೇಕು. ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಪುರಸಭೆ–ನಗರಸಭೆಗಳಿಗೆ 1964ರ ಪೌರಸಭೆಗಳ ಕಾಯ್ದೆ. ಉಪವಿಧಿಗಳೂ ಬೇರೆ ಬೇರೆ.

ಎರಡನೆಯದಾಗಿ, ಪಾಯ ತೋಡುವ ಮೊದಲು ಮೊಹರು ಬಿದ್ದ ನಕ್ಷೆ ಕೈಯಲ್ಲಿರಬೇಕು. ‘ಅರ್ಜಿ ಹಾಕೀವಿ, ಬರ್ತದ’ ಎಂದು ಶುರು ಮಾಡುವುದೇ ಹೆಚ್ಚಿನ ತಾಪತ್ರಯಕ್ಕೆ ಮೂಲ. ಅರ್ಜಿಯ ಸ್ವೀಕೃತಿ, ಶುಲ್ಕದ ರಸೀದಿ, ಮಂಜೂರಾದ ನಕ್ಷೆ, ಪಾಯ ಹಾಕಿದ ದಿನದ ಫೋಟೊ – ಎಲ್ಲವೂ ಒಂದೇ ಫೈಲಿನಲ್ಲಿರಲಿ.

ಮೂರನೆಯದು, ಪರವಾನಗಿಯ ಮೇಲಿನ ಅವಧಿ. ಅದು ತೀರುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಅವಧಿ ಮುಗಿದ ಮೇಲೆ ಮತ್ತೆ ಹೊಸದಾಗಿ ಪರವಾನಗಿ ಬೇಡಬೇಕಾಗಿ ಬಂದರೆ, ಎದುರಾಗುವುದು ಅಂದಿನ ನಿಯಮ.

ಕೊನೆಯದು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಹೊಸ ನಿಯಮ ಬಂದಿದೆಯೆಂದು ಯಾರಾದರೂ ಹೇಳಿದರೆ ರಾಜ್ಯಪತ್ರದ ಪ್ರತಿ ತರಿಸಿ, ಎರಡು ಜಾಗ ಓದಬೇಕು. ಮೊದಲ ಕಲಮಿನಲ್ಲಿ ‘ಜಾರಿಗೆ ಬರತಕ್ಕದ್ದು’ ಎಂಬ ದಿನಾಂಕ. ಕೊನೆಯಲ್ಲಿ ‘ನಿರಸನ ಮತ್ತು ಉಳಿಸುವಿಕೆ’ ಎಂಬ ಕಲಮು. ಅದು ಕರಡೋ ಅಂತಿಮವೋ ಎಂಬುದನ್ನೂ ನೋಡಬೇಕು. ಕರಡಾಗಿದ್ದರೆ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಇರುತ್ತದೆ. ಅರ್ಧ ಕಟ್ಟಿದವರ ಕಷ್ಟವನ್ನು ಬರೆದು ತಿಳಿಸಬೇಕಾದ ಹೊತ್ತು ಅದೇ.

ಹತ್ತು ಪುಟದ ನಿಯಮಾವಳಿಯನ್ನು ತಂದೆ ಓದದೆ ಇರಬಹುದು. ಮಗಳು ಆ ಎರಡು ಕಲಮು ಓದಿ ಹೇಳಿದರೆ, ನಿವೃತ್ತಿಯ ಹಣ ಕೆಡವುವ ಗೋಡೆಗೆ ಹೋಗದೆ ನಿಲ್ಲುವ ಗೋಡೆಗೆ ಹೋಗುತ್ತದೆ.