ನಿಧಾನವಾಗಿ ನೋಡೋಣ ಬಿಡಮ್ಮ

ಘಾಟಿ ರಸ್ತೆಯ ತಿರುವಿನಲ್ಲಿ ‘ನಿಧಾನವೇ ಪ್ರಧಾನ’ ಎಂಬ ಫಲಕ ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಇಷ್ಟು ಮರ್ಯಾದೆಯ ಪದ ನಮ್ಮ ಅಡುಗೆಮನೆಯ ಹೊಸಿಲು ದಾಟಿದ ಕೂಡಲೇ ಬೈಗುಳವಾಗಿಬಿಡುತ್ತದಲ್ಲ! ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಬಂದವರೆದುರು, ‘ಸೊಸೆ ಒಳ್ಳೆಯವಳೇ, ಕೈ ಸ್ವಲ್ಪ ನಿಧಾನ’ ಎನ್ನುತ್ತಿದ್ದರು. ಅದೇ ಮನೆಯಲ್ಲಿ ಪೇಪರು ಓದುತ್ತಾ ಎರಡೆರಡು ಲೋಟ ಕಾಫಿ ತಣ್ಣಗಾಗಿಸುತ್ತಿದ್ದ ಮಾವನವರು ಮಾತ್ರ ಊರಿಗೆಲ್ಲ ‘ನಿಧಾನಸ್ಥರು’.

ಪದದ ತಪ್ಪೇನೂ ಇಲ್ಲ. ಸಂಸ್ಕೃತದಲ್ಲಿ ನಿಧಾನವೆಂದರೆ ಜೋಪಾನವಾಗಿ ಇಡುವುದು, ಇಟ್ಟ ನಿಧಿ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಗೂ ಅದು ನೆಲದಡಿ ಹುದುಗಿದ ನಿಧಿಯೇ. ನಮ್ಮ ಬಾಯಲ್ಲಿ ಅದು ಸಾವಕಾಶವಾಯಿತು, ದುಡುಕದಿರುವುದಾಯಿತು. ‘ನಿಧಾನಿಸಿ ನೋಡು’ ಎಂದರೆ ನಿಂತು ಯೋಚಿಸು ಎಂದರ್ಥ. ಬೆಲ್ಲದ ಪಾಕ ಹಿಡಿದವರಿಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ನನ್ನ ಜಗಳ ಈ ಪದವನ್ನು ನಮ್ಮ ಬಾಯಿ ಮುಚ್ಚಿಸಲು ಬಳಸುವವರ ಜೊತೆ.

ನನ್ನ ಮದುವೆಯಾದದ್ದು 1989ರಲ್ಲಿ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹಿಂದೂ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಕಾನೂನು ಹೊರಗಿಟ್ಟಿತು. ಕಾನೂನು ಇಲ್ಲದಿದ್ದರೇನು, ಮನೆಯಲ್ಲಿ ನ್ಯಾಯ ಇರಬಾರದೇ ಎಂದುಕೊಂಡು, ಆ ವರ್ಷದ ಗೌರಿಹಬ್ಬಕ್ಕೆ ತಿಪಟೂರಿನ ಕಡೆಯ ತವರಿಗೆ ಹೋದಾಗ ಬಾಯಿಬಿಟ್ಟು ಕೇಳಿದೆ. ತೆಂಗಿನ ತೋಟದಲ್ಲಿ ನನಗೂ ಒಂದಿಷ್ಟು ಇರಲಿ ಅಪ್ಪಾ ಎಂದೆ. ಅಪ್ಪ ಸಿಟ್ಟಾಗಲಿಲ್ಲ. ‘ನಿಧಾನವಾಗಿ ನೋಡೋಣ ಬಿಡಮ್ಮ’ ಎಂದರು. ಅಮ್ಮ ಬಾಗಿನದ ಮೊರ ಕೈಗಿತ್ತು, ‘ನಿಧಾನವಾಗಿ ಮಾತಾಡೇ, ತಮ್ಮಂದಿರಿಗೆ ಕೇಳಿಸುತ್ತೆ’ ಎಂದಳು. (ಹೆಂಗಸಿಗೆ ಹೇಳುವಾಗ ಈ ಪದಕ್ಕೆ ‘ಮೆಲ್ಲಗೆ’ ಎಂಬ ಇನ್ನೊಂದು ಅರ್ಥವೂ ಇದೆ, ನೋಡಿ.)

ಒಂಬತ್ತು ಗೌರಿಹಬ್ಬ ಅದೇ ಉತ್ತರ ಕೇಳಿಸಿಕೊಂಡೆ. 2003ರಲ್ಲಿ ಅಪ್ಪ, ತಮ್ಮಂದಿರು ಮೂವರೂ ಸೇರಿ ವಿಭಾಗಪತ್ರ ನೋಂದಣಿ ಮಾಡಿಸಿದರು. ಆ ದಿನ ಯಾರೂ ನಿಧಾನ ಮಾಡಲಿಲ್ಲವಂತೆ. ಬೆಳಿಗ್ಗೆ ಏಳಕ್ಕೇ ಹೊರಟರಂತೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಗಳನ್ನು ಅದು ಮುಟ್ಟುವುದಿಲ್ಲ. ನನ್ನ ಪಾಲಿನ ತೆಂಗಿನಮರಗಳು ಹೋದದ್ದು ಹೀಗೆ.

ಅಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ‘ಕೊಡೋದಿಲ್ಲ’ ಎನ್ನುತ್ತಿದ್ದರು, ನಾನೂ ಜಗಳವಾಡುತ್ತಿದ್ದೆ. ಆದ್ದರಿಂದಲೇ ಹೇಳುತ್ತೇನೆ, ಅದನ್ನು ನಿಧಾನ ಎಂದು ಕರೆಯಬೇಡಿ. ಕನ್ನಡದಲ್ಲಿ ಅದಕ್ಕೆ ‘ತಡ’ ಎಂಬ ಅಚ್ಚುಕಟ್ಟಾದ ಪದವಿದೆ. ತಡ, ತಡೆ ಎರಡೂ ಒಂದೇ ಬಳ್ಳಿಯವು. ನಿಧಾನಿಸುವವನು ಆ ಹೊತ್ತಿನಲ್ಲಿ ಯೋಚಿಸುತ್ತಿರುತ್ತಾನೆ. ತಡ ಮಾಡುವವನು ಕೇಳಿದವಳಿಗೆ ಸುಸ್ತಾಗಲಿ ಎಂದು ಕಾಯುತ್ತಿರುತ್ತಾನೆ.

ಹೋದ ವರ್ಷ ದೊಡ್ಡ ತಮ್ಮನ ಮಗಳು ನಮ್ಮ ಮನೆಗೆ ಬಂದಿದ್ದಳು. ಹುಟ್ಟಿನಿಂದಲೇ ಹಕ್ಕಿರುವ ಹುಡುಗಿ ಅವಳು. ಹಿತ್ತಲಲ್ಲಿ ನನ್ನ ಜೊತೆ ಕಾಯಿ ತುರಿಯುತ್ತಾ, ‘ಅತ್ತೆ, ತೋಟದ ವಿಷಯ ಅಪ್ಪನ ಹತ್ತಿರ ಕೇಳಿದೆ. ನಿಧಾನವಾಗಿ ನೋಡೋಣ ಬಿಡಮ್ಮ ಅಂದರು’ ಎಂದಳು.

ನಾನು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರು ತೆಗೆದು ಅವಳ ಮುಂದಿಟ್ಟೆ. ‘ನಿಧಾನ ಅಂದರೆ ಯಾವ ತಾರೀಖು ಅಂತ ಕೇಳಿಕೊಂಡು ಬಾ’ ಎಂದೆ.