ಟೆಂಟ್ ಕೊಳ್ಳುವ ಮುನ್ನ ಅಮ್ಮನನ್ನು ಕೇಳಿ

ಮೊದಲ ಸಂಬಳದಲ್ಲಿ ಅಪ್ಪ, ಅಮ್ಮ, ತಂಗಿಯನ್ನು ಕ್ಯಾಂಪಿಂಗ್‌ಗೆ ಕರೆದೊಯ್ಯಬೇಕೆಂಬುದು ನನ್ನ ಆಸೆ. ಆನ್‌ಲೈನ್‌ನಲ್ಲಿ ‘ನಾಲ್ಕು ಜನರ ಟೆಂಟ್’ ಕಂಡಿದ್ದೇ ತಡ, ಆರ್ಡರ್ ಮಾಡಿಬಿಟ್ಟೆ. ನಾವೂ ನಾಲ್ವರೇ ಅಲ್ಲವೇ!

ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಹೋಮ್‌ಸ್ಟೇಯೊಂದರ ಅಂಗಳದಲ್ಲಿ ಅದನ್ನು ಹಾಕಿದೆವು. ರಾತ್ರಿಯಿಡೀ ಮಗ್ಗುಲು ಬದಲಿಸಲೂ ಜಾಗವಿಲ್ಲ. ಬ್ಯಾಗುಗಳು ಹೊರಗೆ ಇಬ್ಬನಿಯಲ್ಲಿ ನೆನೆದವು. ಮಂಡಿನೋವಿನ ಅಮ್ಮ ನಡುರಾತ್ರಿ ಶೌಚಾಲಯಕ್ಕೆ ಹೋಗಲು ಆ ಗಿಡ್ಡ ಬಾಗಿಲಲ್ಲಿ ಅಂಬೆಗಾಲಿಟ್ಟು ಹೊರಬರಬೇಕಾಯಿತು. ಬೆಳಗ್ಗೆ, ‘ಚೆನ್ನಾಗಿತ್ತು ಮಗಾ’ ಅಂದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಗೆಳೆಯರ ಜೊತೆ ಚಾರಣಕ್ಕೆ ಹೋಗುವಾಗ ತೂಕ ನೋಡಿ ಟೆಂಟ್ ಆರಿಸಬೇಕು. ಮನೆಯವರ ಜೊತೆ ಹೋಗುವಾಗ, ಕೂರಲು, ಏಳಲು ಯಾರಿಗೆ ಹೆಚ್ಚು ಕಷ್ಟವೋ ಅವರನ್ನು ನೋಡಿ ಆರಿಸಬೇಕು. ಇದು ನಾನು ಕಲಿತ ಪಾಠ.

‘ನಾಲ್ಕು ಜನರ ಟೆಂಟ್’ ಅಂದರೆ ನಾಲ್ವರು ಅಂಟಿಕೊಂಡು ಮಲಗುವಷ್ಟು ಜಾಗ, ಸಾಮಾನಿಗೆ ಲೆಕ್ಕವಿಲ್ಲ. ಆದ್ದರಿಂದ ನಾಲ್ವರಿಗೆ ಆರು ಜನರ ಟೆಂಟ್ ನೋಡಿ. ಹೆಚ್ಚು ಬಗ್ಗದೆ ಒಳಹೋಗುವಷ್ಟು ಎತ್ತರದ ಬಾಗಿಲಿರಲಿ. ಚಳಿಯಲ್ಲಿ ನಮ್ಮ ಉಸಿರಿನ ತೇವವೇ ಬಟ್ಟೆಗೆ ತಾಗಿ ಹನಿಯುತ್ತದೆ. ಒಳಗೆ ಜಾಲರಿ, ಹೊರಗೆ ಪ್ರತ್ಯೇಕ ಹೊದಿಕೆ ಇರುವ ಎರಡು ಪದರದ ಟೆಂಟ್‌ನಲ್ಲಿ ಈ ಕಾಟ ಕಡಿಮೆ. ಚಳಿ ನೆಲದಿಂದಲೂ ಏರುತ್ತದೆ. ಹೊದೆಯಲು ಎರಡು ಕಂಬಳಿ ಇದ್ದರೂ ಕೆಳಗೆ ದಪ್ಪ ಹಾಸು ಇಲ್ಲದಿದ್ದರೆ ನಿದ್ದೆ ಬಾರದು. ಅಡಿಗೆ ಹಾಸುವ ಟಾರ್ಪಾಲು ಟೆಂಟ್‌ನ ತಳಕ್ಕಿಂತ ಹೊರಚಾಚದಿರಲಿ. ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ತಳಕ್ಕೇ ನುಗ್ಗುತ್ತದೆ. ಟೆಂಟ್‌ ಒಳಗೆ ಮಾತ್ರ ಸ್ಟೌವ್, ಕೆಂಡ ಬೇಡವೇ ಬೇಡ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಜೀವ ತೆಗೆಯಬಲ್ಲದು.

ಇನ್ನು ಪ್ಯಾಕಿಂಗ್. ಆ ಪ್ರವಾಸದ ಹಿಂದಿನ ರಾತ್ರಿ ನಾನು ಹಾಡುಗಳ ಪಟ್ಟಿ ಮಾಡುತ್ತಿದ್ದರೆ, ಅಮ್ಮ ಹನ್ನೊಂದು ಗಂಟೆಯವರೆಗೂ ಚಪಾತಿ ಬೇಯಿಸುತ್ತಿದ್ದಳು. ಅಲ್ಲಿಗೆ ಹೋದ ಮೇಲೂ ಉಪ್ಪೆಲ್ಲಿ, ಟವೆಲ್ ಎಲ್ಲಿ ಎಂದು ಎಲ್ಲರೂ ಕೇಳಿದ್ದು ಅವಳನ್ನೇ. ರಜೆ ನಮಗೆ ಮಾತ್ರ ಸಿಕ್ಕಿತ್ತು!

ಫೆಬ್ರುವರಿಯಲ್ಲಿ ಮತ್ತೆ ಹೊರಟಾಗ ಪಟ್ಟಿ ಬರೆದು ಸಾಮಾನು ತುಂಬಿದ್ದು ನಾನು, ತಂಗಿ. ಔಷಧಿ, ತಲೆಗೊಂದು ಟಾರ್ಚ್, ಬಿಸಿನೀರಿನ ಫ್ಲಾಸ್ಕ್, ಅಮ್ಮನಿಗೊಂದು ಮಡಚುವ ಕುರ್ಚಿ. ದೊಡ್ಡ ಟೆಂಟ್ ಬಾಡಿಗೆಗೆ ತಂದು, ಮೊದಲು ತಾರಸಿಯ ಮೇಲೆ ಹಾಕಿ ನೋಡಿದೆವು. ವರ್ಷಕ್ಕೊಮ್ಮೆ ಬಳಸುವ ವಸ್ತುವಿಗೆ, ಅದರಲ್ಲೂ ಕೆಲಸ ಹುಡುಕುತ್ತಿರುವವರು, ಕಂತು ಕಟ್ಟುವ ಅಗತ್ಯವಿಲ್ಲ.

‘ಇಷ್ಟೆಲ್ಲ ಯಾಕೆ, ರೂಮ್ ಮಾಡಿದರೆ ಸಾಲದೇ?’ ಎಂದು ಗೆಳೆಯರು ಕೇಳುತ್ತಾರೆ. ರೂಮ್‌ನಲ್ಲಿ ಟಿ.ವಿ. ಇರುತ್ತದೆ. ಆ ರಾತ್ರಿ ಟೆಂಟ್‌ ಮುಂದೆ ಕುಳಿತು, ಹುಡುಗನಾಗಿದ್ದಾಗ ಹಂದಿಗಳಿಂದ ಗದ್ದೆ ಕಾಯಲು ಅಟ್ಟಣೆಯ ಮೇಲೆ ಒಬ್ಬನೇ ಮಲಗುತ್ತಿದ್ದ ಕತೆಯನ್ನು ಅಪ್ಪ ಹೇಳಿದ. ಇಪ್ಪತ್ತಮೂರು ವರ್ಷದಲ್ಲಿ ನಾನದನ್ನು ಕೇಳಿಯೇ ಇರಲಿಲ್ಲ. ಕುರ್ಚಿಯಲ್ಲಿ ಕಾಲು ಚಾಚಿ ಕುಳಿತಿದ್ದ ಅಮ್ಮ, ‘ಮುಂದಿನ ಸಲ ಎಲ್ಲಿಗೆ?’ ಅಂದಳು.

ಈ ಬಾರಿ ಅವಳು ಸುಳ್ಳು ಹೇಳುತ್ತಿರಲಿಲ್ಲ.